ಹಕ್ಕುಪತ್ರವಿಲ್ಲದ ಮನೆಗೆ ನೀರು ಬರುವುದು ಹೇಗೆ?

ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು ‘ನೀರು’ ಪಾಠವನ್ನು ಜಲಚಕ್ರದ ಚಿತ್ರದಿಂದ ಶುರುಮಾಡಿ ಮಿತಬಳಕೆಯ ಘೋಷಣೆಯಿಂದ ಮುಗಿಸುತ್ತೇವೆ. ಮೋಡದಿಂದ ಕೆರೆಯವರೆಗಿನ ದಾರಿ ಅದರಲ್ಲಿದೆ. ಕೆರೆಯಿಂದ ಕೊಡದವರೆಗಿನ ದಾರಿ ಇಲ್ಲ. ಊರಂಚಿನ ಶೀಟಿನ ಮನೆಗಳಿಂದ ಬರುವ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದು ಈ ಎರಡನೆಯ ದಾರಿ.

ಕಡೂರು ಬಯಲುಸೀಮೆಯ ಒಣ ತಾಲ್ಲೂಕು, ನಿಜ. ಆದರೆ ಭದ್ರಾ ಅಣೆಕಟ್ಟಿರುವ ಲಕ್ಕವಳ್ಳಿ ತರೀಕೆರೆ ತಾಲ್ಲೂಕಿನಲ್ಲೇ ಇದೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿ ಹಾದುಹೋಗುತ್ತದೆ. ನೀರು ಹತ್ತಿರವಿದ್ದರೂ ಮನೆಗೆ ನಲ್ಲಿ ಬರಲು ಪೈಪಿನ ಜೊತೆ ಕಾಗದವೂ ಬೇಕು. ನಲ್ಲಿ ಸಂಪರ್ಕದ ಅರ್ಜಿಗೆ ಸಾಮಾನ್ಯವಾಗಿ ಖಾತೆ, ಕಂದಾಯದ ರಸೀದಿ ಕೇಳುತ್ತಾರೆ. ಜಾಗದ ಹಕ್ಕುಪತ್ರವೇ ಇಲ್ಲದವರು ಅವನ್ನು ಎಲ್ಲಿಂದ ತರಬೇಕು? ಅವರಿಗೆ ಉಳಿಯುವುದು ಬೀದಿ ನಲ್ಲಿ, ಕೊಳವೆಬಾವಿಯ ಮಿನಿ ಟ್ಯಾಂಕ್, ಟ್ಯಾಂಕರ್, ಇಲ್ಲವೇ ನಲ್ಲಿ ಇರುವ ಮನೆಯವರ ದಾಕ್ಷಿಣ್ಯ. ನೀರುಗಂಟಿ ಯಾವ ಹೊತ್ತಿಗೆ ವಾಲ್ವ್ ತಿರುಗಿಸುತ್ತಾರೆಂದು ತಿಳಿದಿರುವುದೂ ಒಂದು ವಿದ್ಯೆಯೇ.

1973ರ ಕೊಳಚೆ ಪ್ರದೇಶಗಳ ಕಾಯ್ದೆಯಂತೆ ಒಂದು ಬಡಾವಣೆಯನ್ನು ‘ಕೊಳಚೆ ಪ್ರದೇಶ’ವೆಂದು ಘೋಷಿಸಿದರೆ ಅಲ್ಲಿ ನೀರು, ಚರಂಡಿಯಂಥ ಸೌಲಭ್ಯ ಕಲ್ಪಿಸಲು ದಾರಿಯಾಗುತ್ತದೆ. ಕೇಳಲು ಅವಮಾನವೆನಿಸುವ ಆ ಹೆಸರಿಗಾಗಿಯೇ ಜನ ಅರ್ಜಿ ಹಿಡಿದು ಓಡಾಡುವುದು ಇದಕ್ಕೆ.

ಇನ್ನೊಂದು ದಾರಿಯನ್ನು ಬೆಂಗಳೂರು ತೋರಿಸಿದೆ. 2000ರ ಸುಮಾರಿಗೆ ಜಲಮಂಡಳಿ ಆಸ್ಟ್ರೇಲಿಯಾದ ನೆರವಿನೊಂದಿಗೆ ಕೆಲವು ಕೊಳೆಗೇರಿಗಳಲ್ಲಿ ಪ್ರಯೋಗ ನಡೆಸಿತು. ಜಾಗದ ದಾಖಲೆಯ ಬದಲು ಪಡಿತರ ಚೀಟಿ, ಮತದಾರರ ಗುರುತಿನ ಚೀಟಿಯಂಥ ವಾಸದ ಪುರಾವೆಯನ್ನೇ ಒಪ್ಪಿಕೊಂಡು ಸಂಪರ್ಕ ಕೊಟ್ಟಿತು. ಜಾಗ ಯಾರದು, ಅಲ್ಲಿ ವಾಸವಿರುವವರು ಯಾರು ಎಂಬ ಎರಡು ಪ್ರಶ್ನೆಗಳು ಅಲ್ಲಿ ಬೇರೆಯಾದವು. 2014ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕೂಡ, ಮನೆ ಅಕ್ರಮವೆಂಬ ಕಾರಣಕ್ಕೆ ಕುಡಿಯುವ ನೀರನ್ನು ಪೂರ್ತಿ ನಿರಾಕರಿಸುವಂತಿಲ್ಲ ಎಂದಿತು.

ಇದನ್ನು ತರಗತಿಗೆ ತರಲು ಒಂದು ಲೆಕ್ಕ ಸಾಕು. ಜಲಜೀವನ್ ಮಿಷನ್ ಹಳ್ಳಿಮನೆಗಳಿಗೆ ಇಟ್ಟುಕೊಂಡ ಗುರಿ ದಿನಕ್ಕೆ ತಲಾ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ 18 ಸಲ ತಂದರೂ 5 ಲೀಟರ್ ಬಾಕಿ. ಪ್ರತಿ ಕೊಡದ ನೀರಿನ ತೂಕವೇ 15 ಕೆ.ಜಿ. (ಸಮತಲದಲ್ಲಿ ಹೊತ್ತು ನಡೆದರೆ ಗುರುತ್ವದ ವಿರುದ್ಧ ಆದ ಕೆಲಸ ಸೊನ್ನೆ ಎಂದು ಭೌತಶಾಸ್ತ್ರದಲ್ಲಿ ಹೇಳಿಕೊಡುವವರೂ ನಾವೇ!)

ಒಂದು ಎಚ್ಚರ ಮಾತ್ರ ಬೇಕು. ‘ಯಾರ ಮನೆಯಲ್ಲಿ ನಲ್ಲಿ ಇಲ್ಲ, ಕೈ ಎತ್ತಿ’ ಎಂದು ಕೇಳಬಾರದು. ಮೊದಲು ಶಾಲೆಯ ಟ್ಯಾಂಕಿಗೆ ನೀರು ಎಲ್ಲಿಂದ, ಯಾರ ಕೈ ದಾಟಿ ಬರುತ್ತದೆಂದು ಎಲ್ಲರೂ ಸೇರಿ ನಕ್ಷೆ ಬರೆಯಲಿ. ತಮ್ಮ ಮನೆಯ ದಾರಿಯನ್ನು ಸೇರಿಸುವುದು, ಬಿಡುವುದು ಮಕ್ಕಳಿಗೇ ಬಿಟ್ಟದ್ದು.