ಆಸ್ಪತ್ರೆಯ ಮಕ್ಕಳಿಗೆ ಆಟಿಕೆ: ಕೊಡುವ ಮುನ್ನ ಒಂದಿಷ್ಟು ಮಾತು



ದಸರಾ ರಜೆ ಹತ್ತಿರ ಬಂದಾಗ ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಣೆಯ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಕಂಡಿರಬಹುದು. ‘ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಆಟಿಕೆ ಕೊಡಿ’ ಎಂಬ ಚೀಟಿ ಅದರ ಮೇಲಿರುತ್ತದೆ. ಅದನ್ನು ಇಟ್ಟವರು ಇಂಟರೋ ಎಂಜಿನಿಯರಿಂಗೋ ಓದುತ್ತಿರುವ ಹುಡುಗ ಹುಡುಗಿಯರು. ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ ನಡೆಯುವ ‘ದಾನ್ ಉತ್ಸವ್’ ಕೂಡ ರಜೆಯ ಆಸುಪಾಸಿಗೇ ಬರುತ್ತದೆ. 2009ರಲ್ಲಿ ‘ಜಾಯ್ ಆಫ್ ಗಿವಿಂಗ್ ವೀಕ್’ ಎಂಬ ಹೆಸರಿನಲ್ಲಿ ಶುರುವಾದದ್ದು ಅದು. ನಮ್ಮ ಮನೆಗಳಲ್ಲೋ ಆಗ ಗೊಂಬೆ ಕೂರಿಸುವ ಸಡಗರ. ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸುವಾಗ ಮಕ್ಕಳ ಹಳೆಯ ಆಟಿಕೆಗಳೂ ಕೆಳಗಿಳಿಯುತ್ತವೆ. ‘ಸರಿ, ಇದನ್ನೂ ಹಾಕಿಬಿಡೋಣ’ ಎಂದು ಕೈ ಪೆಟ್ಟಿಗೆಯತ್ತ ಹೋಗುವುದು ಸಹಜ. ಆ ಕೈಯನ್ನು ಸ್ವಲ್ಪ ತಡೆದು ನಿಲ್ಲಿಸಲು ಈ ಲೇಖನ.

ಮೊದಲು, ಆಟಿಕೆ ಎಲ್ಲಿಗೆ ಹೋಗುತ್ತದೆ ಎಂಬುದು. ಲಿಂಗಂಪಲ್ಲಿಯಲ್ಲಿ ನಾಂಪಲ್ಲಿಯ ಎಂ.ಎಂ.ಟಿ.ಎಸ್. ರೈಲು ಹತ್ತಿದರೆ ಖೈರತಾಬಾದ್ ದಾಟಿದೊಡನೆ ಲಕಡೀಕಾಪುಲ್. ಅಲ್ಲಿಳಿದು ರೆಡ್ ಹಿಲ್ಸ್ ಕಡೆಗೆ ಹೊರಟರೆ ಮಕ್ಕಳ ದೊಡ್ಡ ಸರಕಾರಿ ಆಸ್ಪತ್ರೆ ನಿಲೋಫರ್ ಸಿಗುತ್ತದೆ. ಅದೇ ಪ್ರದೇಶದಲ್ಲಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯೂ ಇದೆ. ನಿಲೋಫರ್ ಎಂಬುದು ತುರ್ಕಿಯ ಆಟೋಮನ್ ರಾಜವಂಶದ ಹೆಣ್ಣುಮಗಳೊಬ್ಬಳ ಹೆಸರು. ಏಳನೇ ನಿಜಾಮರ ಎರಡನೇ ಮಗನನ್ನು 1931ರಲ್ಲಿ ಮದುವೆಯಾಗಿ ಹೈದರಾಬಾದಿಗೆ ಬಂದವರು. ಅವರ ಮೆಚ್ಚಿನ ಸೇವಕಿ ರಫತ್ ಹೆರಿಗೆಯಲ್ಲಿ ತೀರಿಕೊಂಡಾಗ, ಇನ್ನೊಬ್ಬ ತಾಯಿಗೆ ಹೀಗಾಗಬಾರದೆಂದು ಹಟ ಹಿಡಿದರಂತೆ. 1953ರಲ್ಲಿ ಆಸ್ಪತ್ರೆ ತೆರೆಯಿತು. ಸ್ವಂತ ಮಕ್ಕಳಿಲ್ಲದ ರಾಜಕುಮಾರಿಯ ಹೆಸರನ್ನು ಇವತ್ತಿಗೂ ಸಾವಿರಾರು ತಾಯಂದಿರು ಆಟೋದವರಿಗೆ ಹೇಳುತ್ತಾರೆ, ನೋಡಿ.

ಇನ್ನು ಕಾಯಿಲೆಯ ಮಗುವಿಗೆ ಬೇಕಾದದ್ದು ಔಷಧಿ, ಆಟಿಕೆ ಯಾಕೆ ಎಂದು ಕೇಳುವವರಿದ್ದಾರೆ. ಒಂದು ಕಾಲಕ್ಕೆ ವೈದ್ಯರೇ ಹಾಗೆ ಕೇಳುತ್ತಿದ್ದರು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಂದೆತಾಯಿಯರನ್ನೇ ವಾರ್ಡಿನ ಹೊರಗೆ ನಿಲ್ಲಿಸುತ್ತಿದ್ದ ದಿನಗಳವು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿದರು. ಮಗು ರಂಪ ಮಾಡುವುದಿಲ್ಲ. ಮನೆಯಿಂದ ತಂದ ಕರಡಿಬೊಂಬೆಯನ್ನೂ ಒಂದು ಚೂರು ಕಂಬಳಿಯನ್ನೂ ಅವಚಿಕೊಂಡು ಮಂಕಾಗಿ ಕೂರುತ್ತದೆ, ಅಷ್ಟೇ. ಆ ಮೌನ ಬಹಳ ಜನರನ್ನು ಕಲಕಿತು. 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ, ತಾಯ್ತಂದೆಯರನ್ನು ಒಳಗೆ ಬಿಡಿ, ಮಕ್ಕಳಿಗೆ ಆಟಕ್ಕೆ ಅನುಕೂಲ ಮಾಡಿ ಎಂದು ಶಿಫಾರಸು ಮಾಡಿತು. ಆಟದಲ್ಲಿ ಇನ್ನೊಂದು ಗುಟ್ಟೂ ಇದೆ. ಸೂಜಿ ಚುಚ್ಚಿಸಿಕೊಳ್ಳುವ ಮಗು ತಾನೇ ಬೊಂಬೆಗೆ ಸೂಜಿ ಚುಚ್ಚಿ ಸಮಾಧಾನ ಹೇಳುವಾಗ ಅದರ ಹೆದರಿಕೆ ಒಂದು ತೂಕ ಇಳಿಯುತ್ತದೆ. ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಪ್ಲಾಸ್ಟಿಕ್ಕಿನ ಡಾಕ್ಟರ್ ಸೆಟ್ಟಿನಷ್ಟು ಒಳ್ಳೆಯ ಉಡುಗೊರೆ ಬೇರೆ ಇಲ್ಲ.

ಈಗ ಪೆಟ್ಟಿಗೆಯ ಮಾತಿಗೆ ಬರೋಣ. ಅಟ್ಟದಿಂದಿಳಿದ ಹಳೆಯ ಕರಡಿಬೊಂಬೆಯನ್ನು ದಯವಿಟ್ಟು ವಾರ್ಡಿಗೆ ಕಳಿಸಬೇಡಿ. ಬಟ್ಟೆ, ಹತ್ತಿ, ಕೂದಲಿನ ಬೊಂಬೆಯೊಳಗೆ ಸೇರಿಕೊಂಡ ಧೂಳು, ಸೂಕ್ಷ್ಮಜೀವಿಗಳು ಒರೆಸಿದರೆ ಹೋಗುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ನಮಗೆ ಬರೀ ನೆಗಡಿಯಾಗುವುದು ಅದಕ್ಕೆ ಪ್ರಾಣಕ್ಕೇ ಬರಬಹುದು. ಸ್ನಾನದ ತೊಟ್ಟಿಯಲ್ಲಿ ಆಡುವ ನೀರು ತುಂಬುವ ಆಟಿಕೆಗಳಿಂದ ಮಕ್ಕಳ ಕ್ಯಾನ್ಸರ್ ವಾರ್ಡೊಂದರಲ್ಲಿ ಔಷಧಿಗೆ ಬಗ್ಗದ ಸೋಂಕು ಹರಡಿದ ಪ್ರಕರಣ 1998ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಒತ್ತಿದರೆ ನೀರು ಚಿಮ್ಮುವ ಆಟಿಕೆ ಎಷ್ಟು ಮುದ್ದಾಗಿದ್ದರೂ ಬೇಡ.

ಹಳೆಯದು ಬೇಡವೆನ್ನಲು ಇನ್ನೊಂದು ಕಾರಣವೂ ಇದೆ, ಅದು ಮರ್ಯಾದೆಯದು. ಅಮೆರಿಕದಲ್ಲಿ ‘ಟಾಯ್ಸ್ ಫಾರ್ ಟಾಟ್ಸ್’ ಎಂಬ ಆಟಿಕೆ ಸಂಗ್ರಹ 1947ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆರಂಭವಾಯಿತು. ಬಿಲ್ ಹೆಂಡ್ರಿಕ್ಸ್ ಎಂಬ ಸೇನಾಧಿಕಾರಿಯ ಹೆಂಡತಿ ಕೈಯಾರೆ ಮಾಡಿದ ಬೊಂಬೆಯನ್ನು ಬಡಮಗುವಿಗೆ ತಲುಪಿಸುವ ಸಂಸ್ಥೆಯೇ ಇಲ್ಲವೆಂದು ತಿಳಿದಾಗ, ನೀವೇ ಒಂದನ್ನು ಶುರುಮಾಡಿ ಎಂದರಂತೆ ಆಕೆ. ಮೊದಲ ವರ್ಷವೇ 5,000 ಆಟಿಕೆ ಕೂಡಿದವು. ಹಲವು ದಶಕ ಹಳೆಯ ಆಟಿಕೆಗಳನ್ನೇ ರಿಪೇರಿ ಮಾಡಿ ಹಂಚಿದ ಅವರು 1980ರಿಂದ ಹೊಸದನ್ನು ಮಾತ್ರ ಸ್ವೀಕರಿಸತೊಡಗಿದರು. ಇನ್ನೊಬ್ಬರು ಆಡಿ ಬಿಟ್ಟದ್ದನ್ನು ಕೊಟ್ಟು ‘ನೀನೂ ಮುಖ್ಯ’ ಎಂದು ಮಗುವಿಗೆ ಹೇಳುವುದು ಹೇಗೆ ಎಂಬುದೂ ಅದಕ್ಕೊಂದು ಕಾರಣ.

ಹೊಸದಾದರೂ ನೋಡಿ ಕೊಳ್ಳಬೇಕು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ನಮ್ಮ ಚನ್ನಪಟ್ಟಣದ ಬೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಡಿ. ನೋಂದಾಯಿತ ಕುಶಲಕರ್ಮಿಗಳ ಮತ್ತು ಭೌಗೋಳಿಕ ಸೂಚಿ ಪಡೆದ ಆಟಿಕೆಗಳಿಗೆ ಆ ನಿಯಮದಿಂದ ವಿನಾಯಿತಿ ಸಿಕ್ಕಿದೆ. ಹಾಲೆ ಮರ, ಅರಗು, ಬಣ್ಣ ಸೇರಿದ ಆ ಗಿಲಕಿ, ಬುಗುರಿಗಳು ಒಂದು ಮಗು ತನ್ನದಾಗಿ ಇಟ್ಟುಕೊಳ್ಳಲು ಬಹಳ ಚೆನ್ನ. ಆದರೆ ವಾರ್ಡಿನ ಆಟದ ಮೂಲೆಗೆ ಮರ ಹೊಂದದು, ದಿನವೂ ಸೋಂಕುನಿವಾರಕದಲ್ಲಿ ತೊಳೆಯಲಾಗುವುದಿಲ್ಲ. ಅಲ್ಲಿಗೆ ತೊಳೆಯುವ ಪ್ಲಾಸ್ಟಿಕ್ಕೇ ಸರಿ. ನಿರ್ಮಲ್, ಕೊಂಡಪಲ್ಲಿ ಬೊಂಬೆಗಳು ಗೊಂಬೆ ಹಬ್ಬದ ಮೆಟ್ಟಿಲಿಗೆ ಶೋಭೆ, ಕೂಸಿನ ಬಾಯಿಗಲ್ಲ.

ಮೂರು ವರ್ಷದೊಳಗಿನ ಮಕ್ಕಳಿಗೆ ಸಣ್ಣ ಬಿಡಿಭಾಗಗಳಿರುವುದು ಕೂಡದು. ಹಳೆಯ ಕ್ಯಾಮೆರಾ ಫಿಲ್ಮ್ ರೋಲಿನ ಡಬ್ಬಿ ನೆನಪಿದೆಯೇ? ಸುಮಾರು ಅಷ್ಟು ಅಗಲದ ಕೊಳವೆಯೊಳಗೆ ಹೊಕ್ಕುವ ಚೂರು ಮಗುವಿನ ಗಂಟಲಿಗೂ ಹೊಕ್ಕೀತು ಎಂಬುದು ಲೆಕ್ಕ. ಗುಂಡಿಯಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಬಲೂನು ಬೇಡ. ರಾತ್ರಿಯಿಡೀ ‘ಪೀಂ ಪೀಂ’ ಎನ್ನುವ ಕಾರೂ ಬೇಡ, ಪಕ್ಕದ ಹಾಸಿಗೆಯ ತಾಯಿ ಶಪಿಸಿಯಾಳು! ಮತ್ತೆ, ಎಲ್ಲರೂ ಪುಟ್ಟ ಮಕ್ಕಳಿಗೆಂದೇ ಕೊಳ್ಳುತ್ತಾರೆ. ಹನ್ನೆರಡು ಹದಿಮೂರು ವರ್ಷದ ಹುಡುಗನ ಕೈಗೆ ಗಿಲಕಿ ಬಂದಾಗ ಅವನ ಮುಖ ಹೇಗಾದೀತು ಎಂದು ಊಹಿಸಿ. ಚೆಸ್, ಕ್ಯೂಬ್, ಚಿತ್ರ ಬರೆಯುವ ಪುಸ್ತಕ, ಬಣ್ಣದ ಪೆನ್ಸಿಲ್ ಅವರಿಗಿರಲಿ.

ಯುವಮಿತ್ರರೇ, ಸಂಗ್ರಹಕ್ಕೆ ಮೊದಲೇ ಆಸ್ಪತ್ರೆಯ ಸೂಪರಿಂಟೆಂಡೆಂಟರ ಕಚೇರಿಗೆ ಹೋಗಿ ಕೇಳಿ. ಎಷ್ಟು ಹಾಸಿಗೆ ಎಂದಲ್ಲ, ಎಷ್ಟು ಮಕ್ಕಳು, ಯಾವ ವಯಸ್ಸಿನವರು ಎಂದು ಕೇಳಿ. ನಲವತ್ತು ಮಕ್ಕಳಿಗೆ ಮೂವತ್ತು ಬೊಂಬೆ ಒಯ್ಯುವುದಕ್ಕಿಂತ ಒಯ್ಯದಿರುವುದೇ ಮೇಲು. ಹತ್ತು ಜನ ಗುಂಪಾಗಿ ಒಳಗೆ ನುಗ್ಗದೆ ವಾರ್ಡಿನ ಸಿಸ್ಟರ್ ಕೈಗೆ ಕೊಟ್ಟರೆ ಸಾಕು. ಯಾವ ಮಗುವಿಗೆ ನಾಳೆ ಆಪರೇಷನ್, ಯಾವುದು ಇಂದು ಮನೆಗೆ ಎಂದು ಬಲ್ಲವರು ಅವರೇ. ಫೋಟೋ ಬೇಡ. ತಲೆಗೂದಲು ಉದುರಿದ, ಮೂಗಿಗೆ ನಳಿಕೆ ಹಾಕಿದ ಮಗುವಿನ ಪಕ್ಕ ನಗುತ್ತ ನಿಂತ ಚಿತ್ರ ನಾಳೆ ಅದೇ ಮಗುವಿನ ಶಾಲೆಯವರ ಫೋನಿಗೂ ಬಂದೀತು.

ಒಂದು ದಿನದ ಹಂಚಿಕೆಗೆ ಮಿತಿಯಿದೆ ಎಂಬುದನ್ನು ಮುಂಬಯಿಯ ‘ಟಾಯ್‌ಬ್ಯಾಂಕ್’ ನೋಡಿ ತಿಳಿಯಬಹುದು. 2004ರಲ್ಲಿ ಶ್ವೇತಾ ಚಾರಿ ಆರಂಭಿಸಿದ ಈ ಸಂಸ್ಥೆ ಮೊದಲು ಆಟಿಕೆ ಹಂಚುತ್ತಿತ್ತು. ಬರಬರುತ್ತ ಶಾಲೆಗಳಲ್ಲಿ ಮಕ್ಕಳ ಜೊತೆ ಕೂತು ಆಡಿಸುವುದೇ ಅದರ ಮುಖ್ಯ ಕೆಲಸವಾಯಿತು.

ಇಲ್ಲಿ ನಾವು ಕನ್ನಡಿಗರು ಮಾಡಬಹುದಾದ, ಬೇರೆಯವರಿಗೆ ಸುಲಭವಲ್ಲದ ಒಂದು ಕೆಲಸವಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಎಷ್ಟೋ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆ ಎಂದರೆ ಬೆಂಗಳೂರಲ್ಲ, ಹೈದರಾಬಾದು. ವಾಡಿ, ವಿಕಾರಾಬಾದ್ ದಾಟಿ ಬರುವ ರೈಲು ನಗರದೊಳಕ್ಕೆ ಕಾಲಿಡುವುದೇ ನಮ್ಮ ಲಿಂಗಂಪಲ್ಲಿಯಲ್ಲಿ. ಬೀದರಿನ ಮಗುವಿಗೆ ಉರ್ದುವೋ ಮರಾಠಿಯೋ ಅಷ್ಟಿಷ್ಟು ತಿಳಿಯಬಹುದು. ಯಾದಗಿರಿಯ ಹಳ್ಳಿಯ ಕೂಸಿಗೆ ಸುತ್ತಲ ತೆಲುಗು ಬರೀ ಸದ್ದು. ಆ ಮಗುವಿಗೆ ಒಂದು ಕನ್ನಡ ಚಿತ್ರಕಥೆ ಪುಸ್ತಕವೂ ಆಟಿಕೆಯೇ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ಕೈಗೆಟಕುವ ಬೆಲೆಯವು. ಅವರ ‘ಸ್ಟೋರಿವೀವರ್’ ತಾಣದಿಂದ ಉಚಿತವಾಗಿ ಇಳಿಸಿಕೊಂಡು ಮುದ್ರಿಸಲೂಬಹುದು. ಪುಸ್ತಕವನ್ನು ತೊಳೆಯಲಾಗದ್ದರಿಂದ ಒಂದು ಮಗುವಿಗೆ ಒಂದು, ಮನೆಗೇ ಒಯ್ಯುವಂತೆ ಕೊಡಿ. ಅನುಮತಿ ಸಿಕ್ಕರೆ ಒಬ್ಬರು, ಹೆಚ್ಚೆಂದರೆ ಇಬ್ಬರು, ಕೈ ತೊಳೆದು, ನೆಗಡಿ ಕೆಮ್ಮು ಇಲ್ಲದ ದಿನ ನೋಡಿ ಹೋಗಿ ಓದಿ ಹೇಳಿ. ‘ಅಕ್ಕಾರ, ಯಾವೂರು ನಿಮ್ದು?’ ಎಂದು ತಾಯಿಯನ್ನು ಮೊದಲು ಮಾತಾಡಿಸಿ. ಎಷ್ಟು ದಿನದಿಂದ ಆಕೆ ಕನ್ನಡ ಕೇಳಿಲ್ಲವೋ.

ಅಟ್ಟದಿಂದಿಳಿದ ಆ ಹಳೆಯ ಆಟಿಕೆಗಳು? ಮುರಿದದ್ದನ್ನು ಬೇರ್ಪಡಿಸಿ, ಉಳಿದದ್ದನ್ನು ಸೋಪಿನ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ನಿಮ್ಮ ಬಡಾವಣೆಯ ಅಂಗನವಾಡಿಯಲ್ಲಿ ವಿಚಾರಿಸಿ. ಬ್ಲಾಕ್ಸ್, ಚೆಂಡು, ಅಡುಗೆ ಸೆಟ್ಟು ಅಲ್ಲಿ ಬೇಕಾಗಬಹುದು.