ಗುಜರಿಯ ಉಳಿಗೆ ಮತ್ತೆ ಹರಿತ



ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ – ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನೀವು ಎಲ್ಲಿ ವಾಸವಾಗಿದ್ದರೂ ಆಸುಪಾಸಿನಲ್ಲಿ ಒಂದು ಗುಜರಿ ಅಂಗಡಿಯನ್ನು ನೋಡಿಯೇ ಇರುತ್ತೀರಿ. ಹಳೆಯ ಪತ್ರಿಕೆ, ಖಾಲಿ ಸೀಸೆ, ಮುರಿದ ಸೈಕಲ್ಲುಗಳ ನಡುವೆ ಒಮ್ಮೊಮ್ಮೆ ಅಲ್ಲಿ ತುಕ್ಕು ಹಿಡಿದ ಉಳಿಯೊಂದು ಬಿದ್ದಿರುತ್ತದೆ. ಹಿಡಿ ಕಳಚಿದ ಗರಗಸವೋ, ಅಲಗು ಕಚ್ಚಿಕೊಂಡು ಅಲುಗಾಡದ ಹತ್ತರಿಯೋ ಇದ್ದರೂ ಇರಬಹುದು. ಅಂಗಡಿಯವರು ಅದನ್ನು ತಕ್ಕಡಿಗೆ ಹಾಕಿ ಬೆಲೆ ಹೇಳುತ್ತಾರೆ. ಯಾರೂ ಕೇಳದಿದ್ದರೆ ಅದು ಉಳಿದ ಕಬ್ಬಿಣದೊಂದಿಗೆ ಲಾರಿ ಹತ್ತಿ ಕುಲುಮೆಗೆ ಹೋಗುತ್ತದೆ.

ತಕ್ಕಡಿಗೆ ಉಕ್ಕಿನ ತೂಕ ಗೊತ್ತು, ಹದ ಗೊತ್ತಿಲ್ಲ. ಮರಗೆಲಸದ ಉಪಕರಣದ ನಿಜವಾದ ಬೆಲೆ ಇರುವುದು ಆ ಹದದಲ್ಲಿ. ಅದನ್ನು ಗುರುತಿಸುವುದು ಹೇಗೆ, ಕೆಡಿಸದೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈಗ ನೋಡೋಣ.

ಗುಜರಿಗೆ ಬಂದದ್ದು ಹೇಗೆ?

ಜಯನಗರ ಬಡಾವಣೆಯ ಕೆಲಸ ಆರಂಭವಾದದ್ದು 1948ರಲ್ಲಿ. ಆ ಕಾಲದ ಮನೆಗಳ ಬಾಗಿಲು, ಕಿಟಕಿ, ಕಪಾಟುಗಳನ್ನು ಬಡಗಿಗಳು ಕಟ್ಟಡದ ಜಾಗದಲ್ಲೇ ಕುಳಿತು ತೇಗ, ಹೊನ್ನೆ, ಮತ್ತಿಯಂಥ ಮರಗಳಿಂದ ಕೈಯಲ್ಲೇ ಮಾಡುತ್ತಿದ್ದರು. ಉಳಿ, ಬಾಚಿ, ಕೊಡತಿ, ಬೈರಿಗೆ, ಗರಗಸ, ಹತ್ತರಿ, ಮೂಲೆಮಟ್ಟ – ಇಷ್ಟು ಒಂದು ಚೀಲದಲ್ಲಿದ್ದರೆ ಮನೆಯ ಮರಗೆಲಸವೆಲ್ಲ ಮುಗಿಯುತ್ತಿತ್ತು. ಆಯುಧಪೂಜೆಯ ದಿನ ಆ ಚೀಲಕ್ಕೆ ಅರಿಶಿನ ಕುಂಕುಮ ಏರುತ್ತಿತ್ತು.

ಆಮೇಲೆ ಪ್ಲೈವುಡ್ ಬಂತು, ಸಿದ್ಧ ಬಾಗಿಲುಗಳು ಬಂದವು, ವಿದ್ಯುತ್ ಯಂತ್ರಗಳು ಬಂದವು. ಯಂತ್ರ ಬಂದದ್ದು ತಪ್ಪೇನಲ್ಲ. ಅದು ಬೆನ್ನುನೋವನ್ನೂ ಸಮಯವನ್ನೂ ಉಳಿಸಿದೆ. ಆದರೆ ಅದರ ಜೊತೆಗೆ ಕೈಚೀಲ ಅಟ್ಟ ಸೇರಿತು. ಹಿರಿಯ ಬಡಗಿ ಕೆಲಸ ಬಿಟ್ಟಾಗ, ಮಕ್ಕಳು ಬೇರೆ ವೃತ್ತಿ ಹಿಡಿದಾಗ, ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಆ ಚೀಲ ಗುಜರಿಗೆ ಇಳಿಯುತ್ತದೆ. ಆದ್ದರಿಂದ ಹುಡುಕಾಟವನ್ನು ನಿಮ್ಮ ಮನೆಯ ಅಟ್ಟದಿಂದಲೇ ಶುರುಮಾಡಿ. ನಂತರ ಬಡಾವಣೆಯ ಗುಜರಿ ಅಂಗಡಿ, ಕೆಡವಿದ ಮನೆಗಳ ಬಾಗಿಲು ಕಿಟಕಿ ಮಾರುವವರ ಜಾಗ.

ಇನ್ನೂ ಹೆಚ್ಚು ನೋಡಬೇಕೆಂದರೆ ಭಾನುವಾರ ಬೆಳಗ್ಗೆ ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆಯ ಸುತ್ತಿನ ಬೀದಿಗಳಲ್ಲಿ ಸೇರುವ ಹಳೆಯ ಸಾಮಾನಿನ ಸಂತೆಗೆ ಹೋಗಬೇಕು. ಬನಶಂಕರಿ, ಜೆ.ಪಿ. ನಗರ, ಜಯನಗರಗಳಿಂದ ಕೆ.ಆರ್. ಮಾರುಕಟ್ಟೆಗೆ 2017ರಿಂದ ಮೆಟ್ರೊ ಹಸಿರು ಮಾರ್ಗವಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಬಿ.ಟಿ.ಎಂ. ಬಡಾವಣೆಯವರು ಆರ್.ವಿ. ರಸ್ತೆ ನಿಲ್ದಾಣದಲ್ಲಿ ಮಾರ್ಗ ಬದಲಿಸಿ ಹೋಗಬಹುದು. ಬರುವಾಗ ಮಾತ್ರ ನೆನಪಿಡಿ: ಉಳಿ, ಗರಗಸಗಳಂಥ ಹರಿತದ ವಸ್ತುಗಳಿಗೆ ಮೆಟ್ರೊ ತಪಾಸಣೆಯಲ್ಲಿ ತಡೆಯಾಗಬಹುದು. ದಪ್ಪ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಬೇರೆ ವಾಹನದಲ್ಲಿ ತರುವುದು ಒಳ್ಳೆಯದು.

ಕೊಳ್ಳುವ ಮುನ್ನ

ತುಕ್ಕು ನೋಡಿ ಹೆದರಬೇಡಿ, ಹೊಳಪು ನೋಡಿ ಮರುಳಾಗಬೇಡಿ. ಮೇಲ್ಮೈಯ ಕೆಂಪು ತುಕ್ಕು ಉಜ್ಜಿದರೆ ಹೋಗುತ್ತದೆ. ತುಕ್ಕು ಒಳಗಿಳಿದು ಗುಳಿಗಳನ್ನು ಮಾಡಿದೆಯೇ ಎಂಬುದು ಮುಖ್ಯ. ಉಳಿಗೆ ಎರಡು ಮುಖಗಳಿವೆ: ಒಂದು ಇಳಿಜಾರು, ಇನ್ನೊಂದು ಚಪ್ಪಟೆಯಾದ ಬೆನ್ನು. ಇವೆರಡೂ ಕೂಡುವ ಗೆರೆಯೇ ಅಲಗಿನ ಅಂಚು. ಇಳಿಜಾರನ್ನು ಹೇಗೂ ಮಸೆದು ಹೊಸದಾಗಿ ಮಾಡುತ್ತೇವೆ, ಆದ್ದರಿಂದ ಅಲ್ಲಿನ ಗುಳಿಗೆ ಚಿಂತೆಯಿಲ್ಲ. ಆದರೆ ಬೆನ್ನಿನಲ್ಲಿ, ಅಂಚಿನ ಹತ್ತಿರ ಆಳದ ಗುಳಿಗಳಿದ್ದರೆ ಎಷ್ಟು ಮಸೆದರೂ ಅಂಚು ಹಲ್ಲುಹಲ್ಲಾಗುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.

ಲೋಹದ ಹತ್ತರಿಯ ಮೈ ಬೀಡುಕಬ್ಬಿಣದ್ದು. ಬೀಡು ಬಾಗುವುದಿಲ್ಲ, ಬಿರಿಯುತ್ತದೆ. ಒಮ್ಮೆ ನೆಲಕ್ಕೆ ಬಿದ್ದ ಹತ್ತರಿಯಲ್ಲಿ ಅಲಗು ಹೊರಬರುವ ಬಾಯಿಯ ಮೂಲೆಗಳಿಂದ ಕೂದಲೆಳೆಯಂಥ ಬಿರುಕು ಹೊರಟಿರಬಹುದು. ಬೆಳಕಿಗೆ ಹಿಡಿದು ನೋಡಿ. ತಿರುಪುಗಳು, ಅಲಗು, ಅದರ ಮೇಲೆ ಕೂರುವ ತಗಡು ಎಲ್ಲವೂ ಇವೆಯೇ ಎಂದು ಎಣಿಸಿಕೊಳ್ಳಿ. ಈ ಮಾದರಿಯ ಹತ್ತರಿಯನ್ನು ಅಮೆರಿಕದ ಲೆನರ್ಡ್ ಬೇಲಿ 1860ರ ದಶಕದಲ್ಲಿ ರೂಪಿಸಿದರು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವರ ಹಕ್ಕುಗಳನ್ನು ಕೊಂಡಿತು. ಇಂದಿಗೂ ನಮ್ಮ ದೇಶದ ಕಾರ್ಖಾನೆಗಳು ಸೇರಿದಂತೆ ಜಗತ್ತೆಲ್ಲ ಅದೇ ವಿನ್ಯಾಸವನ್ನು ಅನುಸರಿಸುತ್ತಿದೆ. ಮೈ ಮೇಲೆ 4 ಎಂಬ ಅಂಕಿಯಿದ್ದರೆ ಅದು ಕೊನೆಯ ನುಣುಪು ಕೊಡುವ ಹತ್ತರಿ. 5 ಎಂದಿದ್ದರೆ ಅದಕ್ಕಿಂತ ಉದ್ದವಾದ, ಸುಮಾರು 14 ಅಂಗುಲದ ಸರ್ವೋಪಯೋಗಿ ಹತ್ತರಿ.

ಗರಗಸದ ತಗಡು ಉದ್ದಕ್ಕೆ ಸ್ವಲ್ಪ ಬಾಗಿದ್ದರೆ ಸರಿಪಡಿಸಬಹುದು. ಒಂದೇ ಜಾಗದಲ್ಲಿ ಮಡಿಕೆ ಬಿದ್ದಿದ್ದರೆ ಕಷ್ಟ. ಹಳೆಯ ಗರಗಸಗಳ ಹಲ್ಲನ್ನು ಮೂರು ಮೂಲೆಯ ಅರದಿಂದ ಮತ್ತೆ ಮತ್ತೆ ಹರಿತ ಮಾಡಬಹುದು. ಈಗಿನ ಅನೇಕ ಗರಗಸಗಳ ಹಲ್ಲಿನ ತುದಿಯನ್ನು ಮಾತ್ರ ವಿಶೇಷವಾಗಿ ಗಟ್ಟಿಮಾಡಿರುತ್ತಾರೆ. ಅವು ಹೆಚ್ಚು ಕಾಲ ಬಾಳುತ್ತವೆ, ಆದರೆ ಮೊಂಡಾದರೆ ಅರ ಅವುಗಳನ್ನು ಕಚ್ಚುವುದಿಲ್ಲ. ಹಲ್ಲಿನ ತುದಿಯಲ್ಲಿ ನೀಲಿಗಪ್ಪು ಬಣ್ಣವಿದ್ದರೆ ಅದು ಈ ಜಾತಿಯದೆಂದು ತಿಳಿಯಿರಿ.

ಉಕ್ಕು ಎಂಬ ನಮ್ಮ ಮಾತು

ಹಳೆಯ ಉಳಿಯ ಕುತ್ತಿಗೆಯ ಬಳಿ ಒಮ್ಮೊಮ್ಮೆ ಇಂಗ್ಲಿಷಿನಲ್ಲಿ ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆಯೂ ಇಂಗ್ಲೆಂಡಿನ ಷೆಫೀಲ್ಡ್ ಊರಿನ ಹೆಸರೂ ಕಾಣಸಿಗುತ್ತವೆ. ಇದನ್ನು ಬೀಡುಕಬ್ಬಿಣ ಎಂದುಕೊಳ್ಳಬೇಡಿ. ಇದು ಮೂಸೆಯಲ್ಲಿ ಕರಗಿಸಿ ಎರೆದ ಒಳ್ಳೆಯ ಉಕ್ಕು. ಬೆಂಜಮಿನ್ ಹಂಟ್ಸ್‌ಮನ್ ಎಂಬಾತ 1740ರ ದಶಕದಲ್ಲಿ ಷೆಫೀಲ್ಡಿನಲ್ಲಿ ಈ ವಿಧಾನವನ್ನು ಬಳಕೆಗೆ ತಂದ.

ಆದರೆ ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಅದಕ್ಕಿಂತ ಎಷ್ಟೋ ಹಳೆಯದು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಭಾರತದಿಂದ ಹೋದ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಸಲ್ಲಿಸಿದಾಗ ಅದನ್ನು ‘ವೂಟ್ಸ್’ ಎಂದು ಕರೆದರು. ಈ ಪದ ಕನ್ನಡದ ‘ಉಕ್ಕು’ ಎಂಬುದರಿಂದ ಹುಟ್ಟಿದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಜನ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಷೆಫೀಲ್ಡಿನ ಮುದ್ರೆಯಿರುವ ಉಳಿ ನಿಮಗೆ ಸಿಕ್ಕರೆ ಅದರ ಹಿಂದಿನ ವಿದ್ಯೆ ಈ ನೆಲಕ್ಕೂ ಅಪರಿಚಿತವಲ್ಲ ಎಂಬುದು ನೆನಪಿರಲಿ.

ತುಕ್ಕು ತೆಗೆಯುವುದು

ಮೊದಲು ಎಲ್ಲ ಭಾಗಗಳನ್ನೂ ಬಿಚ್ಚಿ. ಬಿಚ್ಚುವ ಕ್ರಮವನ್ನು ಒಂದು ಕಾಗದದಲ್ಲಿ ಚಿತ್ರ ಬರೆದಿಟ್ಟುಕೊಳ್ಳಿ. ಕಚ್ಚಿಕೊಂಡ ತಿರುಪಿಗೆ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ. ಅವಸರ ಮಾಡಿದರೆ ತಿರುಪಿನ ತಲೆ ಹಾಳಾಗುತ್ತದೆ.

ತುಕ್ಕು ಎಂದರೆ ಕಬ್ಬಿಣ, ಆಮ್ಲಜನಕ, ನೀರು ಸೇರಿ ಆದ ಸಂಯುಕ್ತ. ಸೌಮ್ಯವಾದ ಆಮ್ಲದಲ್ಲಿ ಅದು ಕರಗುತ್ತದೆ. ಹಿತ್ತಾಳೆ ಪಾತ್ರೆಗೆ ನಿಮ್ಮ ಅಜ್ಜಿ ಹುಣಸೆಹಣ್ಣು ಹಚ್ಚುತ್ತಿದ್ದುದೂ ಇದೇ ತತ್ತ್ವದಿಂದ. ಅಂಗಡಿಯಲ್ಲಿ ಸಿಗುವ ವಿನೆಗರ್‌ನಲ್ಲಿ ಅಲಗನ್ನು ಮುಳುಗಿಸಿಟ್ಟು ಕೆಲವು ಗಂಟೆಗಳಿಗೊಮ್ಮೆ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮರೆತು ದಿನಗಟ್ಟಲೆ ಬಿಟ್ಟರೆ ಆಮ್ಲ ತುಕ್ಕನ್ನು ಮುಗಿಸಿ ಉಕ್ಕನ್ನೂ ತಿನ್ನುತ್ತದೆ. ತೆಗೆದ ಮೇಲೆ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ, ಒಣಗಿಸಿ, ಎಣ್ಣೆ ಸವರಬೇಕು. ಮರದ ಹಿಡಿಯನ್ನು ಎಂದೂ ಈ ದ್ರವದಲ್ಲಿ ಅದ್ದಬೇಡಿ.

ಕಾಲೇಜಿನ ವಿದ್ಯಾರ್ಥಿಗಳು ಅಧ್ಯಾಪಕರ ಸಮ್ಮುಖದಲ್ಲಿ ವಿದ್ಯುದ್ವಿಭಜನೆಯ ವಿಧಾನವನ್ನೂ ಪ್ರಯೋಗಿಸಬಹುದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡದ ನೀರು, ಧನ ತುದಿಗೆ ಒಂದು ಸಾಧಾರಣ ಕಬ್ಬಿಣದ ತಗಡು, ಋಣ ತುದಿಗೆ ಉಪಕರಣ. 12 ವೋಲ್ಟಿನ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸಿದರೆ ತುಕ್ಕು ಸಡಿಲಗೊಂಡು ಕಪ್ಪು ಪುಡಿಯಾಗಿ ಉದುರುತ್ತದೆ. ಎರಡು ಎಚ್ಚರಿಕೆಗಳು: ಹೊರಬರುವ ಜಲಜನಕ ಬೆಂಕಿ ಹಿಡಿಯುವ ಅನಿಲವಾದ್ದರಿಂದ ಕೆಲಸ ಬಯಲಿನಲ್ಲೇ ನಡೆಯಬೇಕು, ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ಅದರಿಂದ ಕ್ರೋಮಿಯಮ್ಮಿನ ವಿಷಕಾರಿ ಸಂಯುಕ್ತಗಳು ನೀರಿಗೆ ಸೇರುತ್ತವೆ.

ಹದ ಕೆಡದಂತೆ ಹರಿತ

ಈಗ ಎಲ್ಲಕ್ಕಿಂತ ಮುಖ್ಯವಾದ ಘಟ್ಟ. ಉಳಿ ಮಾಡುವಾಗ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆಯೇ ಸಿಡಿಯುತ್ತದೆ. ಆದ್ದರಿಂದ ಮತ್ತೊಮ್ಮೆ ಹಿತವಾಗಿ ಕಾಯಿಸಿ ಸ್ವಲ್ಪ ಮೆತುಗೊಳಿಸುತ್ತಾರೆ. ಉಜ್ಜಿದ ಉಕ್ಕಿನ ಮೇಲೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣ ಮೂಡುತ್ತದೆ. 300 ಡಿಗ್ರಿಯ ಹೊತ್ತಿಗೆ ನೀಲಿ. ಹಳೆಯ ಇಂಗಾಲದ ಉಕ್ಕಿನ ಉಳಿಗೆ ಹುಲ್ಲಿನ ಬಣ್ಣದ ಹದ ಸರಿ. ನೀಲಿಗೆ ಹೋದರೆ ಅಂಚು ಮೆತ್ತಗಾಗಿ ಗಟ್ಟಿ ಮರದಲ್ಲಿ ಮಡಚಿಕೊಳ್ಳುತ್ತದೆ.

ವಿದ್ಯುತ್ ಸಾಣೆಚಕ್ರಕ್ಕೆ ಉಳಿಯನ್ನು ಒತ್ತಿ ಹಿಡಿದರೆ ತೆಳುವಾದ ಅಂಚು ಕೆಲವೇ ಕ್ಷಣಗಳಲ್ಲಿ ನೀಲಿಗಟ್ಟುತ್ತದೆ. ಎಷ್ಟೋ ವರ್ಷ ತುಕ್ಕಿನಲ್ಲಿ ಬಿದ್ದಿದ್ದರೂ ಉಳಿದಿದ್ದ ಹದ ಹೀಗೆ ಕ್ಷಣದಲ್ಲಿ ಹೋಗುತ್ತದೆ. ಆಮೇಲೆ ನೀಲಿಯಾದಷ್ಟು ಭಾಗವನ್ನು ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಆದ್ದರಿಂದ ಕಲಿಯುವವರಿಗೆ ಕೈಸಾಣೆಯೇ ಲೇಸು.

ದಪ್ಪ ಗಾಜಿನ ಮೇಲೆ ನೀರು ಸಹಿಸುವ ಉಪ್ಪುಕಾಗದವನ್ನು ಅಂಟಿಸಿ. ಮೊದಲು 220, ನಂತರ 400, 800, ಕೊನೆಗೆ 1200ರದ್ದು. ಉಳಿಯ ಬೆನ್ನನ್ನು ಚಪ್ಪಟೆಯಾಗಿ ಒತ್ತಿ, ಅಂಚಿನ ಕಡೆಯ ಒಂದೆರಡು ಅಂಗುಲ ಸಮನಾಗಿ ಮಿನುಗುವವರೆಗೆ ಉಜ್ಜಿ. ನಂತರ ಇಳಿಜಾರನ್ನು ಸುಮಾರು 25 ಡಿಗ್ರಿ ಕೋನದಲ್ಲಿ ಮಸೆಯಿರಿ. ಬೆನ್ನಿನ ಕಡೆ ಅಂಚಿನುದ್ದಕ್ಕೂ ಒಂದು ಸಣ್ಣ ಮಡಿಕೆ ಎದ್ದರೆ ಇಳಿಜಾರು ಅಂಚನ್ನು ಮುಟ್ಟಿತೆಂದು ಅರ್ಥ. ತುದಿಯಲ್ಲಿ ಮಾತ್ರ 30 ಡಿಗ್ರಿಗೆ ಎತ್ತಿ ನಾಲ್ಕಾರು ಸಲ ನಯವಾಗಿ ಎಳೆದು, ಬೆನ್ನನ್ನು ಒಮ್ಮೆ ಉಜ್ಜಿ ಮಡಿಕೆ ತೆಗೆಯಿರಿ. ಹರಿತವನ್ನು ಹೆಬ್ಬೆರಳಿನಲ್ಲಿ ಪರೀಕ್ಷಿಸಬೇಡಿ. ಮೆದು ಮರದ ತುಂಡನ್ನು ಹಿಡಿಕಟ್ಟಿನಲ್ಲಿ ಬಿಗಿದು, ಎಳೆಗೆ ಅಡ್ಡವಾಗಿ ಕೊಯ್ದ ತುದಿಯನ್ನು ಕೆತ್ತಿ ನೋಡಿ. ಎರಡು ಕೈಗಳೂ ಅಂಚಿನ ಹಿಂದೆಯೇ ಇರಲಿ. ಪುಡಿಯಾಗದೆ ಹೊಳಪಿನಿಂದ ಕೊಯ್ದರೆ ನೀವು ಗೆದ್ದಿರಿ.

ಹಿಡಿ ಮತ್ತು ಹೆಸರು

ಹಿಡಿ ಒಡೆದಿಲ್ಲದಿದ್ದರೆ ಬದಲಿಸಬೇಡಿ. ಒದ್ದೆ ಬಟ್ಟೆಯಿಂದ ಕೊಳೆ ತೆಗೆದು, ಒಣಗಿಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು. ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯೊಡನೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಇರುವುದರಿಂದ ಅದನ್ನು ಒಣದಾಗಿ ಉಜ್ಜದೆ, ನೀರು ಹಾಕಿ ಉಜ್ಜಬೇಕು.

ಹಿಡಿಯ ಮೇಲೆ ಯಾರೋ ಕಾಯಿಸಿದ ಮೊಳೆಯಿಂದ ಬರೆದ ಅಕ್ಷರವೋ ಗುರುತೋ ಇದ್ದರೆ ಅದನ್ನು ಉಜ್ಜಿ ಅಳಿಸಬೇಡಿ. ನಾಲ್ಕು ಜನ ಬಡಗಿಗಳು ಒಟ್ಟಿಗೆ ಕೆಲಸ ಮಾಡುವಾಗ ತನ್ನ ಉಳಿ ತನಗೆ ಸಿಗಲೆಂದು ಒಬ್ಬ ಮಾಡಿಕೊಂಡ ಗುರುತು ಅದು. ಬಡಗಿಯ ಮನೆಯವರೇ ಚೀಲ ಮಾರಲು ಬಂದರೆ ತೂಕದ ಬೆಲೆಗೆ ಕೊಂಡು ಸುಮ್ಮನಾಗಬೇಡಿ. ಅದರಲ್ಲಿ ಒಳ್ಳೆಯ ಉಕ್ಕಿದ್ದರೆ ಹಾಗೆಂದು ಅವರಿಗೆ ತಿಳಿಸಿ, ತಕ್ಕ ಬೆಲೆ ಕೊಡಿ.

ಮಳೆಗಾಲದಲ್ಲಿ ಉಪಕರಣಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಹಚ್ಚಿಡಿ. ಅಡುಗೆ ಎಣ್ಣೆ ಬೇಡ, ಅದು ದಿನಕಳೆದಂತೆ ಅಂಟಾಗುತ್ತದೆ.

ಕೊನೆಯದಾಗಿ ಒಂದು ಮಾತು. ಓದಿ ತಿಳಿಯುವುದು ಅರ್ಧ, ಕೈ ನೋಡಿ ತಿಳಿಯುವುದು ಇನ್ನರ್ಧ. ನಿಮ್ಮ ಬೀದಿಯಲ್ಲಿ ಈಗಲೂ ಕೈಯಲ್ಲಿ ಹತ್ತರಿ ಹಿಡಿಯಬಲ್ಲ ಹಿರಿಯ ಆಚಾರ್ಯರೊಬ್ಬರು ಇದ್ದಾರು. ನೀವು ಸರಿಪಡಿಸಿದ ಉಳಿಯನ್ನು ಅವರ ಬಳಿಗೆ ಒಯ್ದು, ‘ಆಚಾರ್ರೇ, ಹದ ಸರಿಯಿದೆಯೇ ನೋಡಿ’ ಎಂದು ಕೇಳಿ. ಅವರು ಅದನ್ನು ಹಿಡಿಯುವ ಬಗೆ, ಬೆಳಕಿಗೆ ತಿರುಗಿಸುವ ಬಗೆ, ಸಾಣೆಕಲ್ಲಿನ ಮೇಲೆ ಎರಡು ಸಲ ಎಳೆಯುವ ಬಗೆಯನ್ನು ಗಮನವಿಟ್ಟು ನೋಡಿ. ಕುಲುಮೆಗೆ ಹೋದ ಉಳಿಯ ಉಕ್ಕಾದರೂ ಮತ್ತೊಂದು ರೂಪದಲ್ಲಿ ಬಂದೀತು. ಆ ಕೈಯ ಅರಿವು ನೋಡಿ ಕಲಿತವರಿದ್ದರೆ ಮಾತ್ರ ಉಳಿಯುತ್ತದೆ.