ಸಂಯೋಜಿತ ಕಲಿಕೆ: ಸ್ವಯಂ ಕೋರ್ಸುಗಳ ಕ್ರೆಡಿಟ್ ಪಡೆಯುವ ವಿಧಾನ

ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದ ಕೋರ್ಸುಗಳು ವಿಡಿಯೋ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ ಹಾಗೂ ಮೌಲ್ಯಮಾಪನ ಎಂಬ ನಾಲ್ಕು ಅಂಗಗಳನ್ನು ಹೊಂದಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2021ರ ವಿನಿಯಮಗಳನ್ವಯ, ಪದವಿ ವ್ಯಾಸಂಗದ ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳ ಪೈಕಿ ಗರಿಷ್ಠ ಶೇ. 40ರಷ್ಟನ್ನು ಸ್ವಯಂ ಮೂಲಕ ಪೂರೈಸಲು ಶಿಕ್ಷಣ ಸಂಸ್ಥೆಗಳು ಅನುಮತಿ ನೀಡಬಹುದಾಗಿದೆ. ಉಳಿದ ಕೋರ್ಸುಗಳ ಬೋಧನೆಯು ಎಂದಿನಂತೆ ತರಗತಿಯಲ್ಲಿ ನಡೆಯುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ತಮ್ಮ ಸಂಸ್ಥೆಯು ಅನುಮೋದಿಸದ ಕೋರ್ಸನ್ನು ಪೂರೈಸಿದಲ್ಲಿ ಪ್ರಮಾಣಪತ್ರ ದೊರೆತರೂ ಅದರ ಕ್ರೆಡಿಟ್ ಪದವಿಗೆ ಸೇರ್ಪಡೆಯಾಗದೆ ಒಂದು ಸೆಮಿಸ್ಟರಿನ ಶ್ರಮ ವ್ಯರ್ಥವಾಗಬಹುದು. ಆದುದರಿಂದ ನೋಂದಣಿಗೆ ಮುನ್ನ ಕಾಲೇಜಿನಲ್ಲಿ ಅನುಮೋದಿತ ಕೋರ್ಸುಗಳ ಪಟ್ಟಿಯನ್ನು ಪರಿಶೀಲಿಸತಕ್ಕದ್ದು. ಕೋರ್ಸಿನ ನೋಂದಣಿ ಉಚಿತವಾಗಿರುತ್ತದೆ. ಪ್ರಮಾಣಪತ್ರ ಬಯಸುವವರು ಅಂತಿಮ ಪರೀಕ್ಷೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಂಡು ನಿಗದಿತ ಶುಲ್ಕ ಪಾವತಿಸತಕ್ಕದ್ದು.